ಬೆಕ್ಕಿಗೂ ಶುಗರ್: ಮನೆಯಲ್ಲೇ ಇನ್ಸುಲಿನ್ ಬಿಡಿಸಬಹುದೇ? ಸಿರಿಂಜ್ ಪಕ್ಕಕ್ಕಿಡುವ ಮುನ್ನ ಇದನ್ನು ಓದಿ

ಮನುಷ್ಯರಂತೆ ಬೆಕ್ಕುಗಳಿಗೂ ಸಕ್ಕರೆ ಕಾಯಿಲೆ ಬರುತ್ತದೆ. ಬಂದರೆ ದಿನಕ್ಕೆ ಎರಡು ಬಾರಿ, 12 ಗಂಟೆಗೊಮ್ಮೆ ಇನ್ಸುಲಿನ್ ಚುಚ್ಚಬೇಕು. ಆದರೆ ಮನುಷ್ಯರಿಗಿಂತ ಭಿನ್ನವಾದ ಒಂದು ಸಮಾಧಾನದ ಸಂಗತಿ ಇಲ್ಲಿದೆ. ಸರಿಯಾದ ಚಿಕಿತ್ಸೆ ಬೇಗ ಸಿಕ್ಕರೆ ಎಷ್ಟೋ ಬೆಕ್ಕುಗಳು ಕೆಲವೇ ತಿಂಗಳಲ್ಲಿ ಇನ್ಸುಲಿನ್ ಇಲ್ಲದೆಯೇ ಬದುಕಬಲ್ಲವು. ಹಾಗಂತ ನಾಳೆಯಿಂದಲೇ ಇಂಜೆಕ್ಷನ್ ನಿಲ್ಲಿಸಿಬಿಡಬಹುದೇ? ಖಂಡಿತ ಇಲ್ಲ. ಇನ್ಸುಲಿನ್ ಯಾವಾಗ ಬಿಡಿಸಬಹುದು, ಹೇಗೆ ಬಿಡಿಸುತ್ತಾರೆ, ಮನೆಯವರು ಮಾಡಬೇಕಾದ್ದೇನು, ಎಲ್ಲಿ ಎಡವಟ್ಟಾಗುತ್ತದೆ ಎಂಬ ವಿವರ ಇಲ್ಲಿದೆ.

ಈ ಪ್ರಶ್ನೆ ಈಗ ಏಕೆ?

ನವಿ ಮುಂಬೈನ ಕೋಪರಖೈರಣೆಯನ್ನೇ ತೆಗೆದುಕೊಳ್ಳಿ. ಸೆಕ್ಟರ್‌ಗಳಲ್ಲಿ ಒತ್ತೊತ್ತಾಗಿ ನಿಂತ ಕಟ್ಟಡಗಳು, ಒಂದೋ ಎರಡೋ ಕೋಣೆಯ ಮನೆಗಳು. ಉಡುಪಿ, ಮಂಗಳೂರು ಕಡೆಯಿಂದ ಬಂದವರು, ಉತ್ತರ ಕರ್ನಾಟಕದಿಂದ ಬಂದವರು ಇಲ್ಲಿ ನೆಲೆಸಿದ್ದಾರೆ. ಇಂಥ ಫ್ಲ್ಯಾಟ್‌ಗಳಲ್ಲಿ ನಾಯಿಗಿಂತ ಬೆಕ್ಕು ಸಾಕುವುದು ಸುಲಭ. ಆದರೆ ಊರಿನ ಮನೆಯ ಬೆಕ್ಕು ಹಟ್ಟಿ, ಅಟ್ಟ, ತೋಟ ಸುತ್ತಿ ಇಲಿ ಹಿಡಿದು ತಿನ್ನುತ್ತಿತ್ತು. ಫ್ಲ್ಯಾಟ್‌ನ ಬೆಕ್ಕು ಸೋಫಾದಿಂದ ಕಿಟಕಿಗೆ, ಕಿಟಕಿಯಿಂದ ತಟ್ಟೆಗೆ ಓಡಾಡುತ್ತದೆ ಅಷ್ಟೇ. ತಟ್ಟೆಯಲ್ಲಿ ದಿನವಿಡೀ ಒಣ ಬಿಸ್ಕತ್ತಿನಂಥ ಆಹಾರ, ಇಲ್ಲವೇ ಹಾಲನ್ನ, ಮೊಸರನ್ನ.

ಕಡಿಮೆ ಓಡಾಟ, ಹೆಚ್ಚು ಪಿಷ್ಟ, ಹೆಚ್ಚು ತೂಕ. ಬೆಕ್ಕಿನ ಮಧುಮೇಹಕ್ಕೆ ದಾರಿ ಮಾಡಿಕೊಡುವ ಮುಖ್ಯ ಕಾರಣಗಳು ಇವೇ. ಒಟ್ಟಾರೆ 100ರಿಂದ 500 ಬೆಕ್ಕುಗಳಲ್ಲಿ ಒಂದಕ್ಕೆ ಈ ಕಾಯಿಲೆ ಇರುತ್ತದೆ ಎಂಬುದು ವಿವಿಧ ದೇಶಗಳ ಅಂದಾಜು. 7 ವರ್ಷ ದಾಟಿದ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ದಪ್ಪಗಿರುವ ಗಂಡು ಬೆಕ್ಕುಗಳಿಗೆ ಅಪಾಯ ಹೆಚ್ಚು.

ಒಮ್ಮೆ ಕಾಯಿಲೆ ಪತ್ತೆಯಾದರೆ ಮನೆಯ ದಿನಚರಿಯೇ ಬದಲಾಗುತ್ತದೆ. ಬೆಳಗ್ಗೆ 7ಕ್ಕೆ ಒಂದು ಇಂಜೆಕ್ಷನ್, ರಾತ್ರಿ 7ಕ್ಕೆ ಇನ್ನೊಂದು. ಆಫೀಸಿನಿಂದ ಬರುವ ಲೋಕಲ್ ರೈಲು ತಡವಾದರೆ ಆತಂಕ. ಮೇ ತಿಂಗಳಲ್ಲಿ ಪನ್ವೇಲ್‌ನಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗಬೇಕೆಂದರೆ ಬೆಕ್ಕಿಗೆ ಸೂಜಿ ಚುಚ್ಚುವವರು ಯಾರು ಎಂಬ ಚಿಂತೆ. "ಈಗ ಚೆನ್ನಾಗಿಯೇ ಇದೆಯಲ್ಲ, ನಿಲ್ಲಿಸಿ ನೋಡೋಣವೇ?" ಎಂಬ ಮಾತು ಬರುವುದು ಇಂಥ ಹೊತ್ತಿನಲ್ಲೇ. ಅಪಾಯ ಇರುವುದೂ ಅಲ್ಲೇ.

ಬೆಕ್ಕಿನ ಮಧುಮೇಹ ವಾಸಿಯಾಗುವುದು ಹೇಗೆ?

ನಾಯಿಗಳಿಗೆ ಬರುವ ಮಧುಮೇಹ ಬಹುಮಟ್ಟಿಗೆ ಮನುಷ್ಯರ ಟೈಪ್ 1 ಮಧುಮೇಹದ ಹಾಗೆ. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳೇ ನಾಶವಾಗಿರುತ್ತವೆ. ಹಾಗಾಗಿ ಹೆಚ್ಚಿನ ನಾಯಿಗಳಿಗೆ ಇನ್ಸುಲಿನ್ ಜೀವನಪೂರ್ತಿ ಬೇಕು. ಬೆಕ್ಕಿನ ಕಥೆ ಬೇರೆ. ಅದಕ್ಕೆ ಬರುವುದು ಹೆಚ್ಚಾಗಿ ಟೈಪ್ 2ನ್ನು ಹೋಲುವ ಮಧುಮೇಹ. ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಹೆಚ್ಚು ಹೆಚ್ಚು ದುಡಿದು ದಣಿಯುತ್ತವೆ.

ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಆ ಸಕ್ಕರೆಯೇ ಬೀಟಾ ಕೋಶಗಳಿಗೆ ವಿಷವಾಗುತ್ತದೆ. ಕೋಶಗಳು ಸುಸ್ತಾಗಿ ಇನ್ಸುಲಿನ್ ಇನ್ನೂ ಕಡಿಮೆ ಮಾಡುತ್ತವೆ, ಸಕ್ಕರೆ ಮತ್ತಷ್ಟು ಏರುತ್ತದೆ. ಇದೊಂದು ವಿಷಚಕ್ರ. ಹೊರಗಿನಿಂದ ಇನ್ಸುಲಿನ್ ಕೊಟ್ಟು ಸಕ್ಕರೆಯನ್ನು ಇಳಿಸಿದರೆ ಈ ಚಕ್ರ ಮುರಿಯುತ್ತದೆ. ದಣಿದ ಕೋಶಗಳಿಗೆ ವಿಶ್ರಾಂತಿ ಸಿಗುತ್ತದೆ. ಅವು ಇನ್ನೂ ಸತ್ತಿರದಿದ್ದರೆ ಮತ್ತೆ ಕೆಲಸ ಶುರುಮಾಡುತ್ತವೆ. ಆಗ ಹೊರಗಿನ ಇನ್ಸುಲಿನ್‌ನ ಅಗತ್ಯ ದಿನೇ ದಿನೇ ಕಡಿಮೆಯಾಗುತ್ತದೆ.

ಅಂದರೆ ಇನ್ಸುಲಿನ್ ಬಿಡಿಸುವ ದಾರಿ ಹೋಗುವುದು ಇನ್ಸುಲಿನ್ ಸರಿಯಾಗಿ ಕೊಡುವುದರ ಮೂಲಕವೇ. ಇದು ವಿಚಿತ್ರ ಎನಿಸಬಹುದು, ಆದರೆ ಇಡೀ ವಿಷಯದ ತಿರುಳು ಇದೇ. ಇಂಜೆಕ್ಷನ್ ತಪ್ಪಿಸಿ ತಪ್ಪಿಸಿ ಬಿಡಿಸಲು ಹೊರಟರೆ ಕೋಶಗಳು ಮತ್ತಷ್ಟು ಹಾಳಾಗಿ, ಬಿಡಿಸುವ ಅವಕಾಶವೇ ಕೈತಪ್ಪುತ್ತದೆ.

ಹೀಗೆ ಇನ್ಸುಲಿನ್ ಇಲ್ಲದೆ ಕನಿಷ್ಠ 4 ವಾರ ಸಕ್ಕರೆ ಸಹಜ ಮಟ್ಟದಲ್ಲೇ ಉಳಿದು, ಕಾಯಿಲೆಯ ಲಕ್ಷಣಗಳೂ ಇಲ್ಲದಿದ್ದರೆ ಅದನ್ನು ವೈದ್ಯರು 'ರೆಮಿಷನ್' ಎನ್ನುತ್ತಾರೆ. ಇದು ಉಪಶಮನವೇ ಹೊರತು ಪೂರ್ಣ ಗುಣಮುಖ ಅಲ್ಲ. ಕಾಯಿಲೆ ಮಲಗಿರುತ್ತದೆ, ಹೋಗಿರುವುದಿಲ್ಲ.

84 ಮತ್ತು 35: ಈ ಎರಡು ಸಂಖ್ಯೆ ನೆನಪಿರಲಿ

2009ರಲ್ಲಿ ಕರ್ಸ್ಟನ್ ರೂಂಪ್ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿ ಜಾಕಿ ರ‍್ಯಾಂಡ್ ಅವರ ಅಧ್ಯಯನವೊಂದು ಪ್ರಕಟವಾಯಿತು. ಅದರಲ್ಲಿದ್ದದ್ದು 55 ಮಧುಮೇಹಿ ಬೆಕ್ಕುಗಳು. ಮನೆಯವರೇ ಗ್ಲುಕೋಮೀಟರ್‌ನಿಂದ ದಿನಕ್ಕೆ ಹಲವು ಬಾರಿ ಸಕ್ಕರೆ ನೋಡುತ್ತಿದ್ದರು. ಗ್ಲಾರ್ಜಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಕೊಡುತ್ತಿದ್ದರು, ಕಡಿಮೆ ಪಿಷ್ಟದ ಆಹಾರ ಹಾಕುತ್ತಿದ್ದರು. ಒಟ್ಟು 64% ಬೆಕ್ಕುಗಳು ಇನ್ಸುಲಿನ್ ಬಿಟ್ಟವು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಲೆಕ್ಕ. ಕಾಯಿಲೆ ಪತ್ತೆಯಾದ 6 ತಿಂಗಳೊಳಗೆ ಈ ಬಿಗಿ ಕ್ರಮ ಶುರುಮಾಡಿದ ಬೆಕ್ಕುಗಳಲ್ಲಿ 84% ಇನ್ಸುಲಿನ್ ಬಿಟ್ಟರೆ, 6 ತಿಂಗಳ ನಂತರ ಶುರುಮಾಡಿದವುಗಳಲ್ಲಿ ಆ ಪ್ರಮಾಣ 35% ಮಾತ್ರ.

ಎಲ್ಲ ಅಧ್ಯಯನಗಳಲ್ಲೂ ಇಷ್ಟು ಒಳ್ಳೆಯ ಫಲಿತಾಂಶ ಬಂದಿಲ್ಲ. ಬೆಕ್ಕಿನ ಬೇರೆ ಕಾಯಿಲೆ, ಇನ್ಸುಲಿನ್‌ನ ಬಗೆ, ಮನೆಯವರ ಶ್ರದ್ಧೆಗೆ ತಕ್ಕಂತೆ ಅಂಕಿ ಏರಿಳಿಯುತ್ತದೆ. ಆದರೆ ಮೊದಲ ಕೆಲವು ತಿಂಗಳು ಬಂಗಾರದ ಕಾಲ ಎಂಬ ಪಾಠ ಬದಲಾಗುವುದಿಲ್ಲ.

ಯಾವ ಬೆಕ್ಕಿಗೆ ಅವಕಾಶ ಹೆಚ್ಚು?

* ಕಾಯಿಲೆ ಬೇಗ ಪತ್ತೆಯಾಗಿ, ಚಿಕಿತ್ಸೆ ಬೇಗ ಶುರುವಾದ ಬೆಕ್ಕಿಗೆ
* ತುರಿಕೆ, ಅಸ್ತಮಾ ಮುಂತಾದವಕ್ಕೆ ಸ್ಟೀರಾಯ್ಡ್ ಕೊಟ್ಟಿದ್ದರಿಂದ ಶುಗರ್ ಬಂದ ಬೆಕ್ಕಿಗೆ. ಸ್ಟೀರಾಯ್ಡ್ ನಿಂತ ಮೇಲೆ ಇಂಥ ಬೆಕ್ಕುಗಳು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆದರೆ ಸ್ಟೀರಾಯ್ಡನ್ನೂ ದಿಢೀರ್ ನಿಲ್ಲಿಸುವಂತಿಲ್ಲ, ವೈದ್ಯರೇ ಇಳಿಸಬೇಕು
* ದಪ್ಪಗಿದ್ದು, ನಿಧಾನವಾಗಿ ತೂಕ ಇಳಿಸಿಕೊಂಡ ಬೆಕ್ಕಿಗೆ
* ಕಾಲಿನ ನರಗಳಿಗೆ ಇನ್ನೂ ತೊಂದರೆ ಆಗಿರದ ಬೆಕ್ಕಿಗೆ. ಬೆಕ್ಕು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗಿದರೆ ಅದು ನರದೌರ್ಬಲ್ಯದ ಗುರುತು

ಇನ್ನು ಕೆಲವು ಬೆಕ್ಕುಗಳಿಗೆ ಎಷ್ಟು ಇನ್ಸುಲಿನ್ ಕೊಟ್ಟರೂ ಶುಗರ್ ಜಗ್ಗುವುದಿಲ್ಲ. ಹಲ್ಲು-ಒಸಡಿನ ಸೋಂಕು, ಮೂತ್ರದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ ಇದಕ್ಕೆ ಕಾರಣವಾಗಿರಬಹುದು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಬೆಳವಣಿಗೆ ಹಾರ್ಮೋನ್ ಮಿತಿಮೀರಿ ಸುರಿಯುವುದೂ ಉಂಟು. 2015ರಲ್ಲಿ ಪ್ರಕಟವಾದ ಬ್ರಿಟನ್‌ನ ದೊಡ್ಡ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ ಮಧುಮೇಹಿ ಬೆಕ್ಕುಗಳ ಪೈಕಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಈ ಹಾರ್ಮೋನ್ ಸಮಸ್ಯೆಯ ಸುಳಿವು ಸಿಕ್ಕಿತ್ತು. ಮೂಲ ಕಾರಣ ಹುಡುಕದೆ ಡೋಸ್ ಏರಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ತಟ್ಟೆ ಬದಲಾಗಬೇಕು

ಬೆಕ್ಕು ಅಪ್ಪಟ ಮಾಂಸಾಹಾರಿ. ಅದರ ಜೊಲ್ಲಿನಲ್ಲಿ ಪಿಷ್ಟ ಕರಗಿಸುವ ಅಮೈಲೇಸ್ ಕಿಣ್ವ ಇಲ್ಲ. ಒಮ್ಮೆಲೇ ಬಂದ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ಅದರ ಯಕೃತ್ತಿಗೆ ಕಡಿಮೆ. ಕಣ್ಣು ಮತ್ತು ಹೃದಯಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಸಿಗುವುದು ಮಾಂಸ, ಮೀನಿನಿಂದ. ಹೀಗಿರುವಾಗ ನಮ್ಮ ಪ್ರೀತಿಯ ಮೊಸರನ್ನ ಬೆಕ್ಕಿಗೆ, ಅದರಲ್ಲೂ ಶುಗರ್ ಇರುವ ಬೆಕ್ಕಿಗೆ, ಆಹಾರವೇ ಅಲ್ಲ. ಸಸ್ಯಾಹಾರಿ ಮನೆಗಳಲ್ಲಿ ಇದು ನುಂಗಲಾರದ ಮಾತು. ಆದರೆ ಮನೆಯ ಅಡುಗೆಮನೆಗೆ ಮಾಂಸ ತರದೆಯೂ, ಮುಚ್ಚಿದ ಪೊಟ್ಟಣದಲ್ಲಿ ಬರುವ ಬೆಕ್ಕಿನ ಆಹಾರವನ್ನು ಬೇರೆ ತಟ್ಟೆಯಲ್ಲಿ ಹಾಕಬಹುದು.

ಮಧುಮೇಹಿ ಬೆಕ್ಕಿನ ಆಹಾರದಲ್ಲಿ ಪಿಷ್ಟದಿಂದ ಬರುವ ಕ್ಯಾಲೊರಿ ಸುಮಾರು 12%ಕ್ಕಿಂತ ಕಡಿಮೆ ಇರಲಿ ಎಂಬುದು ತಜ್ಞರ ಸಾಮಾನ್ಯ ಸಲಹೆ. ಪೊಟ್ಟಣದ ಮೇಲೆ ಪಿಷ್ಟದ ಪ್ರಮಾಣವನ್ನು ಹೆಚ್ಚಾಗಿ ಬರೆದಿರುವುದಿಲ್ಲ. ನೀವೇ ಲೆಕ್ಕ ಹಾಕಬಹುದು. ಪ್ರೋಟೀನ್, ಕೊಬ್ಬು, ನಾರು, ಬೂದಿ, ತೇವಾಂಶ ಇಷ್ಟನ್ನೂ ಕೂಡಿ 100ರಿಂದ ಕಳೆಯಿರಿ. ಉಳಿದದ್ದು ಪಿಷ್ಟ. ಪೊಟ್ಟಣದಲ್ಲಿ ಬೂದಿಯ ಅಂಶ ಬರೆದಿರದಿದ್ದರೆ ಒಣ ಆಹಾರಕ್ಕೆ ಸುಮಾರು 8, ಹಸಿ ಆಹಾರಕ್ಕೆ ಸುಮಾರು 2 ಎಂದು ಇಟ್ಟುಕೊಳ್ಳಬಹುದು.

ಒಂದು ಉದಾಹರಣೆ ನೋಡೋಣ. ಒಣ ಆಹಾರವೊಂದರಲ್ಲಿ ಪ್ರೋಟೀನ್ 32, ಕೊಬ್ಬು 12, ನಾರು 4, ಬೂದಿ 8, ತೇವಾಂಶ 10 ಎಂದಿಟ್ಟುಕೊಳ್ಳಿ. ಒಟ್ಟು 66. ಪಿಷ್ಟ 34. ಪ್ರೋಟೀನ್ ಮತ್ತು ಪಿಷ್ಟಕ್ಕೆ ಗ್ರಾಂಗೆ 3.5, ಕೊಬ್ಬಿಗೆ 8.5 ಕ್ಯಾಲೊರಿಯಂತೆ ಗುಣಿಸಿದರೆ, ಕ್ಯಾಲೊರಿಯಲ್ಲಿ ಪಿಷ್ಟದ ಪಾಲು ಸುಮಾರು 36% ಆಗುತ್ತದೆ. ಅದೇ ಹಸಿ ಆಹಾರದಲ್ಲಿ ಪ್ರೋಟೀನ್ 11, ಕೊಬ್ಬು 5, ನಾರು 1, ಬೂದಿ 2, ತೇವಾಂಶ 80 ಇದ್ದರೆ ಪಿಷ್ಟ ಉಳಿಯುವುದು 1 ಮಾತ್ರ. ಕ್ಯಾಲೊರಿಯಲ್ಲಿ ಅದರ ಪಾಲು ಸುಮಾರು 4%. ಒಣ ಆಹಾರದ ಬದಲು ಹಸಿ ಆಹಾರ ಕೊಡಿ ಎಂದು ವೈದ್ಯರು ಹೇಳುವುದು ಇದಕ್ಕೇ.

ಮೀನಿನ ಮನೆಗಳಲ್ಲಿ ಬಂಗುಡೆ, ಬೂತಾಯಿಗೆ ಬರವಿಲ್ಲ. ಉಪ್ಪು-ಖಾರವಿಲ್ಲದೆ ಬೇಯಿಸಿ, ಮುಳ್ಳು ತೆಗೆದ ಮೀನು ಅಪರೂಪಕ್ಕೆ ಸರಿ. ಆದರೆ ಬರೀ ಮೀನೇ ಸಂಪೂರ್ಣ ಆಹಾರವಲ್ಲ. ಸಾರಿನ ಮೀನಂತೂ ಬೇಡವೇ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತವೆ.

ಇಲ್ಲೊಂದು ದೊಡ್ಡ ಎಚ್ಚರಿಕೆ ಬೇಕು. ಆಹಾರದಲ್ಲಿ ಪಿಷ್ಟ ಇಳಿದರೆ ಕೆಲವೇ ದಿನಗಳಲ್ಲಿ ಇನ್ಸುಲಿನ್‌ನ ಅಗತ್ಯವೂ ಇಳಿಯುತ್ತದೆ. ಹಳೆಯ ಡೋಸನ್ನೇ ಮುಂದುವರಿಸಿದರೆ ಶುಗರ್ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಹಾಗಾಗಿ ಇನ್ಸುಲಿನ್ ಮೇಲಿರುವ ಬೆಕ್ಕಿನ ಆಹಾರವನ್ನು ವೈದ್ಯರಿಗೆ ತಿಳಿಸದೆ ಬದಲಿಸಬೇಡಿ.

ತೂಕ ಇಳಿಸುವ ಅವಸರವೂ ಬೇಡ. ವಾರಕ್ಕೆ ದೇಹತೂಕದ 0.5ರಿಂದ 1% ಇಳಿದರೆ ಸಾಕು. 6 ಕೆ.ಜಿ. ಬೆಕ್ಕಿಗೆ ಇದು ವಾರಕ್ಕೆ 30ರಿಂದ 60 ಗ್ರಾಂ ಅಷ್ಟೇ. ಉಪವಾಸ ಕೆಡವಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಬೆಕ್ಕಿನ ಪ್ರಾಣಕ್ಕೇ ಕುತ್ತು ಬರುತ್ತದೆ.

ಎರಡನೇ ಹೆಜ್ಜೆ: ಮನೆಯಲ್ಲೇ ಶುಗರ್ ನೋಡುವುದು

ಆರೋಗ್ಯವಂತ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸಾಮಾನ್ಯವಾಗಿ ಡೆಸಿಲೀಟರ್‌ಗೆ 80ರಿಂದ 120 ಮಿಲಿಗ್ರಾಂ ಇರುತ್ತದೆ. ಆದರೆ ಬೆಕ್ಕಿಗೆ ಭಯವಾದರೆ ಸಾಕು, ಸಕ್ಕರೆ ಸರ‍್ರನೆ ಏರುತ್ತದೆ. ಮಧುಮೇಹ ಇಲ್ಲದ ಬೆಕ್ಕಿನಲ್ಲೂ ಹೆದರಿಕೆಯಿಂದ ಅದು 300ರ ಹತ್ತಿರ ಹೋಗಬಲ್ಲದು.

ಈಗ ಯೋಚಿಸಿ. ಕೋಪರಖೈರಣೆಯಿಂದ ಬುಟ್ಟಿಯಲ್ಲಿ ಕೂರಿಸಿಕೊಂಡು ಟ್ರಾನ್ಸ್ ಹಾರ್ಬರ್ ಲೈನಿನಲ್ಲಿ ಠಾಣೆಗೆ ಹೋಗಿ, ಅಲ್ಲಿಂದ ಇನ್ನೊಂದು ರೈಲು ಹಿಡಿದು ಪರೇಲ್‌ನ ಆಸ್ಪತ್ರೆ ಮುಟ್ಟಿದ ಬೆಕ್ಕಿನ ಶುಗರ್ ಎಷ್ಟಿರಬಹುದು? ಅಲ್ಲಿ 320 ಕಂಡಿತೆಂದು ಡೋಸ್ ಏರಿಸಿದರೆ, ಮನೆಗೆ ಬಂದು ಶಾಂತವಾದ ಬೆಕ್ಕಿಗೆ ಆ ಡೋಸ್ ಹೆಚ್ಚಾಗುತ್ತದೆ. ನಡುರಾತ್ರಿ ಶುಗರ್ ಕುಸಿಯುತ್ತದೆ. ಇನ್ಸುಲಿನ್ ಬಿಡಿಸುವ ವಿಚಾರದಲ್ಲಿ ಆಸ್ಪತ್ರೆಯ ಒಂದು ಅಂಕಿಗಿಂತ ಮನೆಯ ಹತ್ತು ಅಂಕಿ ಹೆಚ್ಚು ಬೆಲೆಯುಳ್ಳದ್ದು ಎನ್ನುವುದು ಇದಕ್ಕಾಗಿಯೇ.

ಅಳೆಯುವುದು ಹೇಗೆ?

* ಕಿವಿಯ ಅಂಚಿನಲ್ಲಿ ಸಣ್ಣ ರಕ್ತನಾಳ ಇರುತ್ತದೆ. ಬೆಚ್ಚಗಿನ ಬಟ್ಟೆ ಒತ್ತಿ ಕಿವಿಯನ್ನು ಬಿಸಿ ಮಾಡಿ, ಹಿಂದೆ ಹತ್ತಿ ಇಟ್ಟು, ಅಂಚಿಗೆ ಚುಚ್ಚಿದರೆ ಒಂದು ಹನಿ ರಕ್ತ ಸಾಕು. ಮೊದಲ ಬಾರಿ ವೈದ್ಯರ ಬಳಿ ಕಲಿಯಿರಿ. ಪ್ರತಿ ಬಾರಿ ಚುಚ್ಚಿದ ಮೇಲೆ ಅದಕ್ಕಿಷ್ಟವಾದ ಒಂದು ಚೂರು ಮಾಂಸ ಕೊಟ್ಟರೆ ಬೆಕ್ಕು ಬೇಗ ಒಗ್ಗಿಕೊಳ್ಳುತ್ತದೆ.
* ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೆಂದೇ ಇರುವ ಆಲ್ಫಾಟ್ರ್ಯಾಕ್‌ನಂಥ ಮೀಟರ್ ಹೆಚ್ಚು ನಿಖರ. ಯಾವುದೇ ಆದರೂ ಒಂದೇ ಮೀಟರ್ ಬಳಸಿ, ಯಾವ ಮೀಟರ್ ಎಂದು ವೈದ್ಯರಿಗೆ ಹೇಳಿ.
* ಚರ್ಮಕ್ಕೆ ಅಂಟಿಸುವ, 14 ದಿನದವರೆಗೆ ಕೆಲಸ ಮಾಡುವ ಫ್ರೀಸ್ಟೈಲ್ ಲಿಬ್ರೆಯಂಥ ಸೆನ್ಸರ್‌ಗಳನ್ನು ಈಗ ಬೆಕ್ಕುಗಳಿಗೂ ಹಾಕುತ್ತಾರೆ. ಡೋಸ್ ಇಳಿಸುವ ಹಂತದಲ್ಲಿ ಇದು ತುಂಬಾ ಉಪಯುಕ್ತ. ಆದರೆ ಸೆನ್ಸರ್ ತೀರಾ ಕಡಿಮೆ ತೋರಿಸಿದರೆ ಕಿವಿಯ ರಕ್ತದಿಂದ ಖಚಿತಪಡಿಸಿಕೊಳ್ಳಿ.
* ಮುಂಬೈ ಮಳೆಗಾಲದ ತೇವ ಟೆಸ್ಟ್ ಸ್ಟ್ರಿಪ್‌ಗಳಿಗೆ ಶತ್ರು. ಡಬ್ಬಿಯ ಮುಚ್ಚಳ ತೆರೆದಿಡಬೇಡಿ. ಅಂಕಿ ವಿಚಿತ್ರ ಎನಿಸಿದರೆ ಹೊಸ ಸ್ಟ್ರಿಪ್‌ನಲ್ಲಿ ಮತ್ತೊಮ್ಮೆ ನೋಡಿ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಸಮಯ, ಶುಗರ್, ಕೊಟ್ಟ ಯೂನಿಟ್, ತಿಂದ ಆಹಾರ, ಕುಡಿದ ನೀರು, ವಾರಕ್ಕೊಮ್ಮೆ ತೂಕ ಬರೆಯಿರಿ. ವೈದ್ಯರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕಾದ್ದು ಬೆಕ್ಕಿನ ಫೋಟೊ ಅಲ್ಲ, ಈ ಪುಟದ ಫೋಟೊ.

ಮೂರನೇ ಹೆಜ್ಜೆ: ಡೋಸ್ ಇಳಿಸುವುದು ಹೇಗೆ?

ಇಳಿಸುವುದನ್ನು ನಿರ್ಧರಿಸುವುದು ನಮ್ಮ ಆಸೆಯಲ್ಲ, ಊರಿಗೆ ಹೋಗುವ ಟಿಕೆಟ್ಟೂ ಅಲ್ಲ, ಶುಗರ್ ಅಂಕಿ. ಎರಡು ಇಂಜೆಕ್ಷನ್‌ಗಳ ನಡುವೆ ಸಕ್ಕರೆ ಅತಿ ಕೆಳಗೆ ಇಳಿಯುವ ಹೊತ್ತೊಂದಿರುತ್ತದೆ. ಆ ಹೊತ್ತಿನ ಅಂಕಿ 80ರಿಂದ 150ರ ನಡುವೆ ಇರಲಿ ಎನ್ನುತ್ತದೆ ಅಮೆರಿಕದ ಪಶು ಆಸ್ಪತ್ರೆಗಳ ಸಂಘದ 2018ರ ಮಾರ್ಗಸೂಚಿ. ಅದು 80ಕ್ಕಿಂತ ಕೆಳಗಿಳಿಯತೊಡಗಿದರೆ, ಅಂದರೆ ಬೆಕ್ಕಿನ ಸ್ವಂತ ಇನ್ಸುಲಿನ್ ಕೆಲಸ ಶುರುಮಾಡಿದ್ದರೆ, ಡೋಸ್ ಇಳಿಸುವ ಸಮಯ ಬಂದಿದೆ ಎಂದರ್ಥ.

ಪಶುವೈದ್ಯರು ಸಾಮಾನ್ಯವಾಗಿ ಹೀಗೆ ಸಾಗುತ್ತಾರೆ.

1. ಡೋಸನ್ನು ಒಂದು ಬಾರಿಗೆ ಕಾಲು ಅಥವಾ ಅರ್ಧ ಯೂನಿಟ್‌ನಷ್ಟು ಮಾತ್ರ ಇಳಿಸುತ್ತಾರೆ.
2. ಹೊಸ ಡೋಸಿಗೆ ದೇಹ ಒಗ್ಗಲು ಕೆಲವು ದಿನ ಬಿಟ್ಟು, ಅಂಕಿಗಳನ್ನು ನೋಡಿ ಮುಂದಿನ ಹೆಜ್ಜೆ ಇಡುತ್ತಾರೆ.
3. ಅರ್ಧ ಅಥವಾ ಒಂದು ಯೂನಿಟ್‌ಗೆ ಇಳಿದ ಮೇಲೂ ಇಂಜೆಕ್ಷನ್‌ಗೆ ಮುಂಚಿನ ಸಕ್ಕರೆ ಸಹಜ ಮಟ್ಟದಲ್ಲೇ ಇದ್ದರೆ ದಿನಕ್ಕೆ ಒಂದೇ ಬಾರಿಗೆ ಇಳಿಸಬಹುದು, ಅಥವಾ ನಿಲ್ಲಿಸಿ ನೋಡಬಹುದು.
4. ಯಾವುದೇ ಹಂತದಲ್ಲಿ ಸಕ್ಕರೆ ಮತ್ತೆ ಏರಿದರೆ ಹಿಂದಿನ ಡೋಸಿಗೆ ಮರಳುತ್ತಾರೆ. ಅದು ಸೋಲಲ್ಲ, ಬೀಟಾ ಕೋಶಗಳಿಗೆ ಇನ್ನಷ್ಟು ವಿಶ್ರಾಂತಿ ಬೇಕು ಎಂಬ ಸೂಚನೆ ಅಷ್ಟೇ.

ಕೆಲವು ಬೆಕ್ಕುಗಳಿಗೆ ಇದಕ್ಕೆ ಕೆಲವೇ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಇನ್ನು ಕೆಲವು ಬಿಡುವುದೇ ಇಲ್ಲ. ಜೀವನಪೂರ್ತಿ ಇನ್ಸುಲಿನ್ ಪಡೆಯುತ್ತಾ ಆರಾಮವಾಗಿ ಬದುಕುವ ಬೆಕ್ಕುಗಳೂ ಸಾಕಷ್ಟಿವೆ.

ಸಿರಿಂಜ್‌ನ ಮುಚ್ಚಳದ ಬಣ್ಣ ನೋಡಿ: ಕೆಂಪೋ, ಕಿತ್ತಳೆಯೋ?

ಭಾರತದಲ್ಲಿ ಈ ಎಚ್ಚರಿಕೆ ಬಹಳ ಮುಖ್ಯ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಸಿಗುತ್ತದೆ. ಒಂದು ಮಿ.ಲೀ.ಗೆ 40 ಯೂನಿಟ್ ಇರುವುದು, ಇನ್ನೊಂದು 100 ಯೂನಿಟ್ ಇರುವುದು. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ರದ್ದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್.

ಬೆಕ್ಕುಗಳಿಗೆ ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ 100 ಯೂನಿಟ್‌ನದ್ದು. ಲ್ಯಾಂಟಸ್ ಅಲ್ಲದೆ, ಬೆಂಗಳೂರಿನ ಬಯೋಕಾನ್ ಕಂಪನಿಯ ಬಸಲಾಗ್ ಕೂಡ ಇದೇ ಔಷಧ. ಇದನ್ನು ಅಪ್ಪಿತಪ್ಪಿ ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 1 ಗೆರೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು 1 ಯೂನಿಟ್ ಅಲ್ಲ, 2.5 ಯೂನಿಟ್. 4 ಕೆ.ಜಿ.ಯ ಬೆಕ್ಕಿಗೆ ಇದು ಮಾರಕವಾಗಬಹುದು. ಉಲ್ಟಾ ಆದರೆ, ಅಂದರೆ 40ರ ಇನ್ಸುಲಿನನ್ನು ಕಿತ್ತಳೆ ಸಿರಿಂಜ್‌ನಲ್ಲಿ ಎಳೆದರೆ, 1 ಗೆರೆಗೆ ಸಿಗುವುದು 0.4 ಯೂನಿಟ್ ಮಾತ್ರ. ಚಿಕಿತ್ಸೆ ನಡೆಯುತ್ತಿದೆ ಎಂದುಕೊಂಡೇ ಶುಗರ್ ಏರುತ್ತಿರುತ್ತದೆ.

ಕಾಲು-ಅರ್ಧ ಯೂನಿಟ್ ಅಳೆಯಲು ಅರ್ಧ ಯೂನಿಟ್ ಗೆರೆಗಳಿರುವ 0.3 ಮಿ.ಲೀ. ಸಿರಿಂಜ್ ಕೇಳಿ ಪಡೆಯಿರಿ. ಡೋಸ್ ಸಣ್ಣದಾಯಿತೆಂದು ಗ್ಲಾರ್ಜಿನ್‌ಗೆ ನೀರು ಬೆರೆಸಬೇಡಿ. ಅದರ ಆಮ್ಲೀಯತೆ ಬದಲಾದರೆ ಔಷಧ ಕೆಲಸ ಮಾಡುವ ರೀತಿಯೇ ಕೆಡುತ್ತದೆ. ಸೀಸೆಯನ್ನು ಕುಲುಕಬೇಡಿ, ಫ್ರೀಜರ್‌ನಲ್ಲಿ ಇಡಬೇಡಿ. ಫ್ರಿಜ್ಜಿನ ಬಾಗಿಲಿಗಿಂತ ಒಳಗಿನ ತಟ್ಟು ಒಳ್ಳೆಯದು. ಪ್ರಯಾಣದಲ್ಲಿ ತಂಪು ಚೀಲದಲ್ಲಿ ಒಯ್ಯಿರಿ, ಆದರೆ ಸೀಸೆಗೆ ಐಸ್ ನೇರವಾಗಿ ತಾಗದಿರಲಿ.

ಶುಗರ್ ಕುಸಿದರೆ ಏನು ಮಾಡಬೇಕು?

ಶುಗರ್ ಹೆಚ್ಚಿದ್ದರೆ ಹಾನಿಯಾಗಲು ದಿನ, ವಾರ ಹಿಡಿಯುತ್ತದೆ. ಕಡಿಮೆಯಾದರೆ ನಿಮಿಷಗಳೇ ಸಾಕು. 60ಕ್ಕಿಂತ ಕೆಳಗೆ ಇಳಿದರೆ ಅದು ಅಪಾಯದ ವಲಯ. ಬೆಕ್ಕು ತೂರಾಡುವುದು, ಏಕಾಏಕಿ ಹಸಿವಿನಿಂದ ಒದ್ದಾಡುವುದು, ಮಂಕಾಗಿ ಮೂಲೆ ಸೇರುವುದು, ನಡುಕ, ಫಿಟ್ಸ್, ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು.

* ಎಚ್ಚರವಿದ್ದು ತಿನ್ನುವಂತಿದ್ದರೆ ಕೂಡಲೇ ಆಹಾರ ಕೊಡಿ. ಈ ಹೊತ್ತಿಗೆ ಪಿಷ್ಟವಿರುವ ಆಹಾರವೂ ನಡೆಯುತ್ತದೆ.
* ತಿನ್ನಲಾಗದಿದ್ದರೆ ಜೇನುತುಪ್ಪ ಅಥವಾ ಗಟ್ಟಿ ಸಕ್ಕರೆ ನೀರನ್ನು ಬೆರಳಿನಿಂದ ಒಸಡಿಗೆ ಸವರಿ. ಪ್ರಜ್ಞೆ ಇಲ್ಲದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬಂದಾಗ ಹಲ್ಲಿನ ನಡುವೆ ಬೆರಳು ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಳ್ಳಿ.
* ಚೇತರಿಸಿಕೊಂಡಂತೆ ಕಂಡರೂ ವೈದ್ಯರ ಬಳಿ ಕರೆದೊಯ್ಯಿರಿ. ಇನ್ಸುಲಿನ್ ಇನ್ನೂ ಕೆಲಸ ಮಾಡುತ್ತಿರುವುದರಿಂದ ಶುಗರ್ ಮತ್ತೆ ಕುಸಿಯಬಹುದು.
* ವೈದ್ಯರನ್ನು ಕೇಳದೆ ಮುಂದಿನ ಇಂಜೆಕ್ಷನ್ ಕೊಡಬೇಡಿ.

ಇದೇ ರೀತಿ, ಬೆಕ್ಕು ಊಟ ಬಿಟ್ಟಿದ್ದರೆ, ವಾಂತಿ ಮಾಡಿದ್ದರೆ ಅಥವಾ ಇಂಜೆಕ್ಷನ್‌ಗೆ ಮುಂಚಿನ ಶುಗರ್ ವೈದ್ಯರು ಬರೆದುಕೊಟ್ಟ ಮಿತಿಗಿಂತ ಕಡಿಮೆ ಇದ್ದರೆ ಮೊದಲು ಫೋನ್ ಮಾಡಿ, ಆಮೇಲೆ ಸಿರಿಂಜ್ ತೆಗೆಯಿರಿ. ಚುಚ್ಚುವಾಗ ಬೆಕ್ಕು ಕೊಸರಿ, ಔಷಧ ಒಳಗೆ ಹೋಯಿತೋ ಇಲ್ಲವೋ ಎಂಬ ಅನುಮಾನ ಬಂದರೆ ಎರಡನೇ ಬಾರಿ ಚುಚ್ಚಲೇಬೇಡಿ. ಒಂದು ಡೋಸ್ ತಪ್ಪಿದರೆ ದೊಡ್ಡ ಅನಾಹುತವಿಲ್ಲ, ಎರಡು ಡೋಸ್ ಬಿದ್ದರೆ ಇದೆ.

ದಿಢೀರ್ ನಿಲ್ಲಿಸಿದರೆ ಏನಾಗುತ್ತದೆ?

ಇನ್ಸುಲಿನ್ ಇಲ್ಲದಿದ್ದರೆ ದೇಹ ಸಕ್ಕರೆಯನ್ನು ಬಳಸಲಾರದೆ ಕೊಬ್ಬನ್ನು ಒಡೆಯುತ್ತದೆ. ಆಗ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ಬೆಕ್ಕು ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಸುಸ್ತಾಗಿ ಮಲಗುತ್ತದೆ. ಉಸಿರಿಗೆ ನೇಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ ಬರಬಹುದು. ಇದು ಕೀಟೋಆ್ಯಸಿಡೋಸಿಸ್. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ದಿನಗಟ್ಟಲೆ ಉಳಿಸಿಕೊಂಡರೂ ಎಲ್ಲ ಬೆಕ್ಕುಗಳೂ ಬದುಕುವುದಿಲ್ಲ.

ಮನೆಯ ಹಿರಿಯರ ಶುಗರ್ ಮಾತ್ರೆ ಕೊಡಬಹುದೇ?

ಬೇಡ. ಮೆಟ್‌ಫಾರ್ಮಿನ್ ಬೆಕ್ಕುಗಳಲ್ಲಿ ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಬೆಕ್ಕುಗಳಿಗೆಂದೇ ಎರಡು ಬಾಯಿ ಔಷಧಗಳಿಗೆ ಒಪ್ಪಿಗೆ ನೀಡಿದೆ. 2022ರ ಡಿಸೆಂಬರ್‌ನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಮಾತ್ರೆಗೆ, 2023ರ ಆಗಸ್ಟ್‌ನಲ್ಲಿ ವೆಲಾಗ್ಲಿಫ್ಲೋಜಿನ್ ದ್ರಾವಣಕ್ಕೆ. ಆದರೆ ಈ ಒಪ್ಪಿಗೆ ಇರುವುದು ಹಿಂದೆ ಇನ್ಸುಲಿನ್ ಪಡೆಯದ, ಬೇರೆಲ್ಲ ರೀತಿಯಲ್ಲಿ ಆರೋಗ್ಯವಾಗಿರುವ ಬೆಕ್ಕುಗಳಿಗೆ. ಇನ್ಸುಲಿನ್ ಮೇಲಿರುವ ಬೆಕ್ಕನ್ನು ಈ ಬಗೆಯ ಔಷಧಕ್ಕೆ ಬದಲಿಸಿದರೆ, ರಕ್ತದಲ್ಲಿ ಸಕ್ಕರೆ ಹೆಚ್ಚು ಕಾಣದೆಯೇ ಕೀಟೋಆ್ಯಸಿಡೋಸಿಸ್ ಬರುವ ಅಪಾಯವಿದೆ. ಮನುಷ್ಯರಿಗೆ ಕೊಡುವ ಇದೇ ಗುಂಪಿನ ಡಾಪಾಗ್ಲಿಫ್ಲೋಜಿನ್ ಈಗ ಎಷ್ಟೋ ಮನೆಗಳ ಔಷಧ ಡಬ್ಬಿಯಲ್ಲಿರುತ್ತದೆ. ಅದನ್ನು ಬೆಕ್ಕಿನಿಂದ ದೂರವಿಡಿ. ಹಾಗಲಕಾಯಿ ರಸ, ಮೆಂತ್ಯೆ ನೀರಿನ ಪ್ರಯೋಗವೂ ಬೇಡ.

ನಿಲ್ಲಿಸಿದ ಮೇಲೆ?

ವೈದ್ಯರು ಇನ್ಸುಲಿನ್ ನಿಲ್ಲಿಸಿದ ಮೊದಲ ಎರಡು ವಾರ ದಿನವೂ ಶುಗರ್ ನೋಡಿ. ಎಲ್ಲ ಸರಿಯಿದ್ದರೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಸಾಕು. ಹಿಂದಿನ ಒಂದೆರಡು ವಾರಗಳ ಸರಾಸರಿ ಹೇಳುವ ಫ್ರಕ್ಟೋಸಮೈನ್ ಎಂಬ ರಕ್ತಪರೀಕ್ಷೆಯನ್ನು ವೈದ್ಯರು ಮಾಡಿಸಬಹುದು. ಅಂಕಿ ಪದೇ ಪದೇ 180 ದಾಟತೊಡಗಿದರೆ ಕಾಯಬೇಡಿ. ಬೇಗ ಮತ್ತೆ ಇನ್ಸುಲಿನ್ ಶುರುಮಾಡಿದರೆ ಮತ್ತೊಮ್ಮೆ ಬಿಡಿಸುವ ಅವಕಾಶ ಇರುತ್ತದೆ.

ಇನ್ಸುಲಿನ್ ಬಿಟ್ಟ ಬೆಕ್ಕುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದರಿಂದ ಮೂರರಲ್ಲಿ ಒಂದಕ್ಕೆ ಕಾಯಿಲೆ ಮರಳುತ್ತದೆ. ಹಾಗಾಗಿ ಕಡಿಮೆ ಪಿಷ್ಟದ ಆಹಾರ ಶಾಶ್ವತ. "ಈಗ ಗುಣವಾಯಿತಲ್ಲ" ಎಂದು ಮೊಸರನ್ನಕ್ಕೆ ಮರಳುವಂತಿಲ್ಲ. ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ "ಇದಕ್ಕೆ ಶುಗರ್ ಇತ್ತು, ಸ್ಟೀರಾಯ್ಡ್ ಬೇಡ" ಎಂದು ಮೊದಲೇ ಹೇಳಿ.

ಎಲ್ಲಿಗೆ ಹೋಗಬೇಕು?

ದಿನನಿತ್ಯದ ಸಲಹೆಗೆ ನಿಮ್ಮ ಬಡಾವಣೆಯ ಪಶುವೈದ್ಯರೇ ಸಾಕು. ಡೋಸ್ ಇಳಿಸುವುದು ಜಟಿಲವಾದರೆ ಅಥವಾ ತುರ್ತು ಬಂದರೆ ದೊಡ್ಡ ಆಸ್ಪತ್ರೆ ಬೇಕು. ಪರೇಲ್‌ನಲ್ಲಿ ಮುಂಬೈ ಪಶುವೈದ್ಯಕೀಯ ಕಾಲೇಜು ಮತ್ತು ಹಳೆಯದಾದ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆ ಇವೆ. ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಣ್ಣ ಪ್ರಾಣಿಗಳ ಆಸ್ಪತ್ರೆ 2024ರಲ್ಲಿ ಶುರುವಾಗಿದೆ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ರಾತ್ರಿ ತೆರೆದಿರುವ, ನಿಮ್ಮ ಮನೆಗೆ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ಫೋನ್ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿಡಿ.

ಊರಿಗೆ ಹೋಗುವ ಮಾತಿಗೆ ಬಂದರೆ, ಅದಕ್ಕಾಗಿ ಇನ್ಸುಲಿನ್ ನಿಲ್ಲಿಸಬೇಕಿಲ್ಲ. ಇನ್ಸುಲಿನ್ ಚುಚ್ಚುವುದನ್ನು ಅಕ್ಕಪಕ್ಕದವರೊಬ್ಬರಿಗೆ ಒಂದೆರಡು ವಾರ ಮುಂಚೆ ಕಲಿಸಿ, ನಿಮ್ಮ ಮುಂದೆಯೇ ನಾಲ್ಕಾರು ಬಾರಿ ಮಾಡಿಸಿ. ಇಲ್ಲವೇ ಬೋರ್ಡಿಂಗ್ ಸೌಲಭ್ಯವಿರುವ ಪಶು ಚಿಕಿತ್ಸಾಲಯದಲ್ಲಿ ಬಿಡಿ.

ನೆನಪಿಡಿ

* ಕಾಯಿಲೆ ಪತ್ತೆಯಾದ ಮೊದಲ 6 ತಿಂಗಳು ಅತ್ಯಮೂಲ್ಯ
* ಆಹಾರ ಬದಲಿಸುವ ಮುನ್ನ ವೈದ್ಯರಿಗೆ ತಿಳಿಸಿ
* ಅಳೆಯದೆ ಇಳಿಸಬೇಡಿ, ಇಳಿಸದೆ ನಿಲ್ಲಿಸಬೇಡಿ
* ಇನ್ಸುಲಿನ್ ಮತ್ತು ಸಿರಿಂಜ್ ಎರಡರ ಮೇಲೂ ಒಂದೇ ಸಂಖ್ಯೆ ಇರಲಿ: 40ಕ್ಕೆ 40, 100ಕ್ಕೆ 100
* ಜೇನುತುಪ್ಪದ ಬಾಟಲಿ ಕೈಗೆಟಕುವಂತಿರಲಿ
* ಅನುಮಾನ ಬಂದರೆ ಎರಡನೇ ಬಾರಿ ಚುಚ್ಚಬೇಡಿ

(ಗಮನಿಸಿ: ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ಇಲ್ಲಿರುವ ಅಂಕಿಗಳು ಪ್ರತಿ ಬೆಕ್ಕಿಗೂ ಒಂದೇ ಆಗಿರುವುದಿಲ್ಲ. ಡೋಸ್ ಬದಲಾವಣೆಯನ್ನು ನಿಮ್ಮ ಪಶುವೈದ್ಯರ ಸಲಹೆಯಂತೆ ಮಾತ್ರ ಮಾಡಿ.)